ಜೈವಿಕ ಪ್ಲಾಸ್ಟಿಕ್ಕಿನ ಸಣ್ಣ ಕಂಪನಿಯೂ ಬಿಡಿ ಷೇರುದಾರನೂ

೧

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ೨೦೨೧ರಲ್ಲಿ ಅಸ್ತಿತ್ವಕ್ಕೆ ಬಂದ ವಿಜಯನಗರ ಜಿಲ್ಲೆಗೆ ಸೇರಿದವು. ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಈ ಪ್ರದೇಶದಲ್ಲಿ ಜೋಳ, ಶೇಂಗಾಗಳ ಜೊತೆಗೆ ಮೆಕ್ಕೆಜೋಳವೂ ಇಂದು ಮುಖ್ಯ ಬೆಳೆಯಾಗಿದೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಆ ಮೆಕ್ಕೆಜೋಳದ ಪಿಷ್ಟದಿಂದ ಪ್ಲಾಸ್ಟಿಕ್ಕನ್ನು ತಯಾರಿಸಬಹುದೆಂಬ ಮಾತು ರಸಾಯನಶಾಸ್ತ್ರದ ತರಗತಿಯಿಂದ ಹೊರಟು ಈಗ ಷೇರುಪೇಟೆಯನ್ನು ಸೇರಿದೆ. ಡಿಮ್ಯಾಟ್ ಖಾತೆಯನ್ನು ಮೊಬೈಲ್ ಫೋನಿನಲ್ಲಿಯೇ ತೆರೆಯಬಹುದಾದ ಈ ದಿನಗಳಲ್ಲಿ, ಅಧ್ಯಾಪಕನಾಗಲಿ, ವರ್ತಕನಾಗಲಿ, ವಿದ್ಯಾರ್ಥಿಯಾಗಲಿ, ತಾನೆಂದೂ ನೋಡದ ಕಾರ್ಖಾನೆಯೊಂದರ ಪಾಲುದಾರನಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇಂಥ ಪಾಲುದಾರರ ದೂರು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ: ‘ಪದಾರ್ಥ ಒಳ್ಳೆಯದು, ಲೋಕಕ್ಕೆ ಬೇಕಾದದ್ದು, ಸರ್ಕಾರವೂ ಅದರ ಪರವಾಗಿದೆ. ಆದರೂ ನಮ್ಮ ಷೇರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಇದೇಕೆ?’ ಈ ಪ್ರಶ್ನೆಯನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ. ಪದಾರ್ಥದ ಗುಣ, ಕಂಪನಿಯ ಲಾಭ, ಷೇರುದಾರನ ಪಾಲು—ಇವು ಮೂರೂ ಬೇರೆಬೇರೆ ಸಂಗತಿಗಳು. ಒಂದನ್ನು ಕಂಡು ಮತ್ತೊಂದನ್ನು ಊಹಿಸುವುದರಿಂದಲೇ ನಿರಾಶೆಯ ಬಹುಭಾಗ ಹುಟ್ಟುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

೨

ಮೊದಲು ಪದಾರ್ಥವನ್ನು ಪರಿಶೀಲಿಸೋಣ. ಜೈವಿಕ ಪ್ಲಾಸ್ಟಿಕ್ಕುಗಳಲ್ಲಿ ಎರಡು ಬಗೆಗಳು ನಮ್ಮ ವಿಚಾರಕ್ಕೆ ಮುಖ್ಯವಾದವು. ಮೊದಲನೆಯದು ಪಾಲಿಲ್ಯಾಕ್ಟಿಕ್ ಆಮ್ಲ. ಪಿಷ್ಟವನ್ನು ಸಕ್ಕರೆಯಾಗಿ ಒಡೆದು, ಸೂಕ್ಷ್ಮಜೀವಿಗಳ ಸಹಾಯದಿಂದ ಹುದುಗಿಸಿ, ಮೊಸರಿಗೆ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲವನ್ನೇ ಪಡೆದು, ಅದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಇದು ದೊರೆಯುತ್ತದೆ. ಒಂದು ಟನ್ನು ಪ್ಲಾಸ್ಟಿಕ್ಕಿಗೆ ಎರಡು ಟನ್ನಿಗಿಂತ ಹೆಚ್ಚು ಮೆಕ್ಕೆಜೋಳ ಬೇಕಾಗುತ್ತದೆ. ಎರಡನೆಯದು ಪಾಲಿಹೈಡ್ರಾಕ್ಸಿ ಆಲ್ಕನೋಯೇಟ್ ಎಂಬ ವರ್ಗದ್ದು. ಪ್ರಾಣಿಗಳು ಕೊಬ್ಬನ್ನು ಕೂಡಿಡುವಂತೆ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ದೇಹದಲ್ಲಿ ಇದನ್ನು ಕೂಡಿಡುತ್ತವೆ. ಫ್ರೆಂಚ್ ವಿಜ್ಞಾನಿ ಮೋರಿಸ್ ಲೆಮ್ವಾನ್ ಇದನ್ನು ೧೯೨೬ರಲ್ಲಿಯೇ ವರ್ಣಿಸಿದ್ದನು.

ಆವಿಷ್ಕಾರಕ್ಕೂ ಲಾಭಕ್ಕೂ ನಡುವಣ ದೂರ ಎಷ್ಟೆಂಬುದಕ್ಕೆ ಈ ಎರಡನೆಯ ಪದಾರ್ಥದ ಚರಿತ್ರೆಯೇ ಸಾಕ್ಷಿ. ಇಂಗ್ಲೆಂಡಿನ ಐ.ಸಿ.ಐ. ಕಂಪನಿ ಇದನ್ನು ‘ಬಯೋಪಾಲ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ೧೯೯೦ರಲ್ಲಿ ಶಾಂಪೂ ಸೀಸೆಗಳು ಇದರಿಂದ ತಯಾರಾದವು. ಮುಂದೆ ಈ ವಿದ್ಯೆ ಝೆನೆಕಾ ಕಂಪನಿಗೂ, ೧೯೯೬ರಲ್ಲಿ ಮೊನ್ಸಾಂಟೊಗೂ, ೨೦೦೧ರಲ್ಲಿ ಮೆಟಬೊಲಿಕ್ಸ್ ಎಂಬ ಸಣ್ಣ ಅಮೆರಿಕನ್ ಕಂಪನಿಗೂ ಕೈ ಬದಲಾಯಿಸಿತು. ಬಲಿಷ್ಠ ಕಂಪನಿಗಳು ಹೊತ್ತು ಇಳಿಸಿದ ಹೊರೆಯನ್ನು ಸಣ್ಣ ಕಂಪನಿ ಹೊರಬೇಕಾಯಿತೆಂಬುದು ಗಮನಾರ್ಹ.

ಇದಕ್ಕೆ ಕಾರಣ ವೆಚ್ಚ. ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ಕನ್ನು ತಯಾರಿಸುವ ಕಾರ್ಖಾನೆಗಳು ಬೃಹತ್ತಾದವು. ಹಲವು ಹಳೆಯವಾದ್ದರಿಂದ ಅವುಗಳಿಗೆ ಹೂಡಿದ ಬಂಡವಾಳ ಎಂದೋ ಮರಳಿ ಬಂದಿದೆ. ೨೦೧೪ರ ಮಧ್ಯದಲ್ಲಿ ಪೀಪಾಯಿಗೆ ನೂರು ಡಾಲರನ್ನು ಮೀರಿದ್ದ ಕಚ್ಚಾತೈಲದ ಬೆಲೆ ೨೦೧೬ರ ಆರಂಭದಲ್ಲಿ ಮೂವತ್ತಕ್ಕಿಂತ ಕೆಳಗಿಳಿದಾಗ, ಜೈವಿಕ ಪ್ಲಾಸ್ಟಿಕ್ಕಿನ ಪ್ರತಿಸ್ಪರ್ಧಿ ತಾನಾಗಿಯೇ ಅಗ್ಗವಾಯಿತು. ಮೆಕ್ಕೆಜೋಳಕ್ಕಾದರೋ ಕೋಳಿ ಆಹಾರ, ಪಿಷ್ಟದ ಕಾರ್ಖಾನೆ, ಎಥೆನಾಲ್ ಎಂದು ಅನೇಕ ಗಿರಾಕಿಗಳು. ಕೊಟ್ಟೂರಿನ ಮಾರುಕಟ್ಟೆಯಲ್ಲಿ ಕ್ವಿಂಟಲಿನ ಬೆಲೆ ಏರಿದರೆ ಬೆಳೆಗಾರನಿಗೆ ಹಿತ. ಅದನ್ನೇ ಕೊಳ್ಳುವ ಕಾರ್ಖಾನೆಗೆ ವೆಚ್ಚ. ಬೆಳೆಗಾರನೇ ಷೇರುದಾರನೂ ಆಗಿದ್ದರೆ ಅವನು ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಕುಳಿತಂತೆ.

ಈ ಉದ್ಯಮದಲ್ಲಿ ನೆಲೆನಿಲ್ಲಲು ಗಾತ್ರ ಬೇಕು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬ್ಲೇರ್ ಎಂಬಲ್ಲಿ ೨೦೦೨ರಲ್ಲಿ ಆರಂಭವಾದ ಕಾರ್ಖಾನೆಯ ಹಿಂದೆ ಕಾರ್ಗಿಲ್ ಮತ್ತು ಡೌ ಎಂಬ ದೈತ್ಯರಿದ್ದರು. ನಮ್ಮ ದೇಶದಲ್ಲಿ ೨೦೨೪ರಲ್ಲಿ ಬಲರಾಂಪುರ ಚೀನಿ ಮಿಲ್ಸ್ ಕಂಪನಿ ಉತ್ತರಪ್ರದೇಶದಲ್ಲಿ ವರ್ಷಕ್ಕೆ ೭೫,೦೦೦ ಟನ್ ಸಾಮರ್ಥ್ಯದ ಕಾರ್ಖಾನೆಯನ್ನು ಪ್ರಕಟಿಸಿದಾಗ ಅದಕ್ಕೆ ಅಂದಾಜು ಮಾಡಿದ ಬಂಡವಾಳ ಸುಮಾರು ೨,೦೦೦ ಕೋಟಿ ರೂಪಾಯಿ. ಕೆಲವೇ ಕೋಟಿಗಳ ಬಂಡವಾಳದಿಂದ ಹೊರಟ ಸಣ್ಣ ಕಂಪನಿ ಈ ದಾರಿಯನ್ನು ಹಿಡಿಯಬೇಕಾದರೆ ಮತ್ತೆ ಮತ್ತೆ ಹಣವನ್ನು ಕೇಳಲೇಬೇಕು. ಷೇರುದಾರನ ಕಥೆ ಆರಂಭವಾಗುವುದು ಇಲ್ಲಿಂದ.

೩

ಷೇರು ಎಂದರೇನೆಂಬುದು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಹೊಲವನ್ನು ಕೋರಿಗೆ ಕೊಡುವ ಪದ್ಧತಿ ಇಲ್ಲಿ ಬಹುಕಾಲದ್ದು. ನೆಲ ಒಬ್ಬನದು, ದುಡಿಮೆ ಇನ್ನೊಬ್ಬನದು. ಬಂದ ಬೆಳೆಯಲ್ಲಿ ಇಬ್ಬರಿಗೂ ಪಾಲು. ಷೇರು ಸಹ ಒಂದು ಬಗೆಯ ಕೋರು. ಆದರೆ ಎರಡು ವ್ಯತ್ಯಾಸಗಳಿವೆ. ಕೋರಿಗೆ ಕೊಟ್ಟವನು ಬದುವಿನ ಮೇಲೆ ನಿಂತು ಬೆಳೆಯನ್ನು ನೋಡಬಲ್ಲನು; ಷೇರುದಾರನು ಕಂಪನಿ ಪ್ರಕಟಿಸಿದ ಕಾಗದವನ್ನು ಮಾತ್ರ ನೋಡಬಲ್ಲನು. ಕೋರಿನಲ್ಲಿ ಪಾಲುದಾರರ ಸಂಖ್ಯೆ ಸುಗ್ಗಿಯವರೆಗೆ ಬದಲಾಗದು. ಕಂಪನಿಯಲ್ಲಿ ಬೆಳೆ ಹೊಲದಲ್ಲಿರುವಾಗಲೇ ಹೊಸ ಪಾಲುದಾರರು ಬಂದು ಸೇರಬಹುದು.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಕಂಪನಿಯಲ್ಲಿ ಒಂದು ಕೋಟಿ ಷೇರುಗಳಿವೆ, ವರ್ಷದ ಲಾಭ ಎರಡು ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಷೇರೊಂದಕ್ಕೆ ಲಾಭ ೨ ರೂಪಾಯಿ. ಕಂಪನಿ ವಿಸ್ತರಣೆಗಾಗಿ ಇನ್ನೊಂದು ಕೋಟಿ ಷೇರುಗಳನ್ನು ಬೇರೆಯವರಿಗೆ ಹಂಚಿ, ಲಾಭವನ್ನು ಮೂರು ಕೋಟಿಗೆ ಏರಿಸಿತು. ಕಂಪನಿಯ ಲಾಭ ಶೇಕಡ ೫೦ರಷ್ಟು ಹೆಚ್ಚಿತು. ಷೇರಿನ ಲಾಭವಾದರೋ ೧ ರೂಪಾಯಿ ೫೦ ಪೈಸೆಗೆ, ಎಂದರೆ ಶೇಕಡ ೨೫ರಷ್ಟು, ಇಳಿಯಿತು. ಇಲ್ಲಿ ಯಾರೂ ಮೋಸಮಾಡಿಲ್ಲ. ವೃತ್ತಪತ್ರಿಕೆಯಲ್ಲಿ ಬಂದ ‘ಪ್ರಗತಿ’ಯ ಸುದ್ದಿಯೂ ಸುಳ್ಳಲ್ಲ. ಆದರೂ ಹಳೆಯ ಷೇರುದಾರನ ಪಾಲು ಕುಗ್ಗಿತು.

೨೦೧೩ರ ಕಂಪನಿಗಳ ಕಾಯಿದೆಯ ೬೨ನೆಯ ಕಲಮಿನ ಪ್ರಕಾರ ಹೊಸ ಷೇರುಗಳನ್ನು ಮೊದಲು ಹಳೆಯ ಷೇರುದಾರರ ಮುಂದಿಡುವುದು ಸಾಮಾನ್ಯ ನಿಯಮ. ಆದರೆ ವಿಶೇಷ ನಿರ್ಣಯವನ್ನು ಅಂಗೀಕರಿಸಿ ಅವನ್ನು ಹೊರಗಿನವರಿಗೆ ಕೊಡುವ ಅವಕಾಶವನ್ನೂ ಅದೇ ಕಲಮು ಕಲ್ಪಿಸುತ್ತದೆ. ಆ ನಿರ್ಣಯಕ್ಕೆ ಚಲಾಯಿಸಿದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇಕು. ಪ್ರವರ್ತಕರ ಕೈಯಲ್ಲಿ ಬಹುಪಾಲು ಷೇರುಗಳಿದ್ದು, ಬಿಡಿ ಷೇರುದಾರರು ಮತವನ್ನೇ ಚಲಾಯಿಸದಿದ್ದರೆ, ಅದು ಸುಲಭವಾಗಿ ದೊರೆಯುತ್ತದೆ.

೪

ಇಂಥ ಕಂಪನಿಗಳ ಹುಟ್ಟು, ಏಳಿಗೆ, ಅವಸಾನಗಳು ಪೂರ್ಣವಾಗಿ ಕಾಣಸಿಗುವುದು ಹೊರದೇಶಗಳಲ್ಲಿ. ಆದ್ದರಿಂದ ಅಲ್ಲಿನ ಮೂರು ನಿದರ್ಶನಗಳನ್ನು ತೆಗೆದುಕೊಳ್ಳುತ್ತೇನೆ.

ಮೇಲೆ ಹೇಳಿದ ಮೆಟಬೊಲಿಕ್ಸ್ ೨೦೦೬ರಲ್ಲಿ ಷೇರೊಂದಕ್ಕೆ ೧೪ ಡಾಲರಿನಂತೆ ಸಾರ್ವಜನಿಕರಿಂದ ಹಣವೆತ್ತಿತು. ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಎಂಬ ಮಹಾ ಧಾನ್ಯಸಂಸ್ಥೆಯೊಡನೆ ಕೂಡಿ ಅಯೋವಾದ ಕ್ಲಿಂಟನ್ನಿನಲ್ಲಿ ವರ್ಷಕ್ಕೆ ೫೦,೦೦೦ ಟನ್ ಸಾಮರ್ಥ್ಯದ ಕಾರ್ಖಾನೆ ಎದ್ದಿತು. ಆದರೆ ಗಿರಾಕಿಗಳು ನಿರೀಕ್ಷಿಸಿದ ವೇಗದಲ್ಲಿ ಬರಲಿಲ್ಲ. ೨೦೧೨ರ ಜನವರಿಯಲ್ಲಿ ಧಾನ್ಯಸಂಸ್ಥೆ ಹಿಂದೆ ಸರಿಯಿತು. ೨೦೧೫ರಲ್ಲಿ ಆರು ಷೇರುಗಳನ್ನು ಒಂದಾಗಿ ಕೂಡಿಸಲಾಯಿತು. ೨೦೧೬ರಲ್ಲಿ ಪ್ಲಾಸ್ಟಿಕ್ಕಿನ ವಿದ್ಯೆಯನ್ನು ಕೊರಿಯಾದ ಕಂಪನಿಯೊಂದಕ್ಕೆ ಮಾರಲಾಯಿತು. ಮರುವರ್ಷ ಕಂಪನಿಯ ಹೆಸರೇ ಬದಲಾಯಿತು. ಪದಾರ್ಥ ಉಳಿಯಿತು, ಅದನ್ನು ನಂಬಿ ಹಣ ಹಾಕಿದವರ ಪಾಲು ಉಳಿಯಲಿಲ್ಲ.

ಎರಡನೆಯದು ಇಟಲಿಯ ಬೊಲೊನ್ಯಾದ ಬಯೋ-ಆನ್. ೨೦೧೪ರಲ್ಲಿ ಸಣ್ಣ ಕಂಪನಿಗಳ ಪೇಟೆಯಲ್ಲಿ ೫ ಯೂರೋವಿಗೆ ಹೊರಬಂದ ಇದರ ಷೇರು ನಾಲ್ಕು ವರ್ಷಗಳಲ್ಲಿ ಹತ್ತು ಪಟ್ಟಿಗೂ ಮೀರಿ ಏರಿತು. ೨೦೧೯ರ ಜುಲೈಯಲ್ಲಿ ಹೂಡಿಕೆ ಸಂಸ್ಥೆಯೊಂದು ಇದರ ಲೆಕ್ಕಪತ್ರಗಳನ್ನೂ ಉತ್ಪಾದನೆಯನ್ನೂ ಪ್ರಶ್ನಿಸಿ ವರದಿ ಪ್ರಕಟಿಸಿತು. ಕಂಪನಿ ಅದನ್ನು ನಿರಾಕರಿಸಿತು. ಅಕ್ಟೋಬರಿನಲ್ಲಿ ಷೇರಿನ ವ್ಯವಹಾರ ನಿಂತಿತು. ಡಿಸೆಂಬರಿನಲ್ಲಿ ಬೊಲೊನ್ಯಾದ ನ್ಯಾಯಾಲಯ ಕಂಪನಿಯನ್ನು ದಿವಾಳಿಯೆಂದು ಸಾರಿತು.

ಮೂರನೆಯದು ಅಮೆರಿಕದ ಜಾರ್ಜಿಯಾದ ಡ್ಯಾನಿಮರ್ ಸೈಂಟಿಫಿಕ್. ೨೦೨೦ರ ಡಿಸೆಂಬರಿನಲ್ಲಿ ಪೇಟೆಗೆ ಬಂದ ಇದರ ಷೇರು ೨೦೨೧ರ ಫೆಬ್ರವರಿಯಲ್ಲಿ ೬೦ ಡಾಲರನ್ನು ದಾಟಿತು. ಪದಾರ್ಥ ಎಷ್ಟು ಬೇಗ ಕೊಳೆಯುತ್ತದೆಂಬ ಪ್ರಚಾರದ ಬಗ್ಗೆ ಮರುತಿಂಗಳು ವೃತ್ತಪತ್ರಿಕೆಯಲ್ಲಿ ಸಂದೇಹಗಳು ಪ್ರಕಟವಾದುವು. ೨೦೨೪ರಲ್ಲಿ ನಲವತ್ತು ಷೇರುಗಳು ಒಂದಾದವು. ೨೦೨೫ರ ಮಾರ್ಚಿಯಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು.

ಮೊದಲನೆಯದರಲ್ಲಿ ಗಿರಾಕಿಯ ಅಭಾವ, ಎರಡನೆಯದರಲ್ಲಿ ವಿಶ್ವಾಸದ ನಾಶ, ಮೂರನೆಯದರಲ್ಲಿ ಏರಿದ ನಿರೀಕ್ಷೆಗೆ ತಕ್ಕ ಗಳಿಕೆ ಇಲ್ಲದಿರುವಿಕೆ—ಕಾರಣಗಳು ಬೇರೆಬೇರೆ. ಆದರೆ ಮೂರರಲ್ಲಿಯೂ ಪದಾರ್ಥ ನಿಜವಾದದ್ದೇ ಆಗಿತ್ತೆಂಬುದನ್ನು ಮರೆಯಲಾಗದು.

೫

ಇಲ್ಲಿ ಒಂದು ಶಂಕೆ ಹುಟ್ಟಬಹುದು: ‘ಸರ್ಕಾರವೇ ಪ್ಲಾಸ್ಟಿಕ್ಕನ್ನು ನಿಷೇಧಿಸಿದ ಮೇಲೆ ಜೈವಿಕ ಪ್ಲಾಸ್ಟಿಕ್ಕಿಗೆ ಗಿರಾಕಿ ಇಲ್ಲವೆನ್ನುವುದು ಹೇಗೆ?’ ಕರ್ನಾಟಕ ಸರ್ಕಾರ ೨೦೧೬ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಕೈಚೀಲ ಮೊದಲಾದವುಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳ ಮೇಲೆ ಕೇಂದ್ರದ ನಿಷೇಧ ೨೦೨೨ರ ಜುಲೈ ೧ರಿಂದ ಜಾರಿಗೆ ಬಂದಿತು. ಕೈಚೀಲದ ಕನಿಷ್ಠ ದಪ್ಪವನ್ನು ೧೨೦ ಮೈಕ್ರಾನಿಗೆ ಏರಿಸಿದ ಕೇಂದ್ರದ ನಿಯಮ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿಗೆ ವಿನಾಯಿತಿಯನ್ನೂ ಕೊಟ್ಟಿತು.

ಆದರೆ ಕಾಯಿದೆ ಹುಟ್ಟಿಸಿದ ಬೇಡಿಕೆ ಕಾಯಿದೆಯ ಜಾರಿಯಷ್ಟೇ ಗಟ್ಟಿ. ಸಂತೆಯಲ್ಲಿ ತೆಳುಚೀಲ ಸಿಗುವವರೆಗೆ ಬೆಲೆ ಹೆಚ್ಚಿನ ಚೀಲವನ್ನು ವ್ಯಾಪಾರಿ ಏಕೆ ಕೊಂಡಾನು? ಎರಡನೆಯದಾಗಿ, ಬಟ್ಟೆಯ ಚೀಲ, ಕಾಗದ, ಅಡಿಕೆ ಹಾಳೆ, ಮುತ್ತುಗದ ಎಲೆಗಳೂ ಅದೇ ನಿಷೇಧದ ಫಲವನ್ನು ಹಂಚಿಕೊಳ್ಳುತ್ತವೆ. ಮೂರನೆಯದಾಗಿ, ಗೊಬ್ಬರವಾಗಬಲ್ಲದೆಂಬ ಪ್ರಮಾಣಪತ್ರದ ಹಿಂದಿನ ಪರೀಕ್ಷೆ ಸುಮಾರು ೫೮ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ೧೮೦ ದಿನಗಳೊಳಗೆ ವಸ್ತು ಕೊಳೆಯುವುದನ್ನು ಅಪೇಕ್ಷಿಸುತ್ತದೆ. ಆ ಶಾಖ ಅಷ್ಟು ಕಾಲ ನಿಲ್ಲುವುದು ಅದಕ್ಕೆಂದೇ ಕಟ್ಟಿದ ಘಟಕದಲ್ಲಿ, ಹಿತ್ತಲಿನ ತಿಪ್ಪೆಯಲ್ಲಲ್ಲ. ಅಂಥ ಘಟಕಗಳು ಹರಡದಿದ್ದರೆ ಪದಾರ್ಥದ ಗುಣವೇ ಪ್ರಯೋಜನಕ್ಕೆ ಬಾರದು.

೬

ಷೇರನ್ನು ಕೊಳ್ಳುವುದಕ್ಕಿಂತ ಮಾರುವುದು ಕಷ್ಟವೆಂಬ ಪಾಠವನ್ನು ಕನ್ನಡ ನಾಡು ಆಗಲೇ ಕಲಿತಿದೆ. ೧೯೬೩ರಲ್ಲಿ ಸ್ಥಾಪಿತವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ ೨೦೧೪ರ ಡಿಸೆಂಬರಿನಲ್ಲಿ ಸೆಬಿಯ ಆದೇಶದ ಮೇರೆಗೆ ನಿರ್ಗಮಿಸಿತು. ಹೀಗೆ ಮುಚ್ಚಿದ ಪ್ರಾದೇಶಿಕ ಕೇಂದ್ರಗಳಲ್ಲಿ ಮಾತ್ರ ಪಟ್ಟಿಯಾಗಿದ್ದ ಕಂಪನಿಗಳನ್ನು ರಾಷ್ಟ್ರೀಯ ಕೇಂದ್ರಗಳ ಪ್ರಸರಣ ಫಲಕವೆಂಬ ಬೇರೆಯೊಂದು ಪಟ್ಟಿಗೆ ಸೇರಿಸಲಾಯಿತು. ಷೇರುದಾರನ ಕೈಯಲ್ಲಿ ಷೇರು ಉಳಿಯಿತು. ದಿನನಿತ್ಯದ ಪೇಟೆ ಉಳಿಯಲಿಲ್ಲ. ಕಂಪನಿಗಳು ರಾಷ್ಟ್ರೀಯ ಪೇಟೆಗೆ ಬರಬೇಕು, ಇಲ್ಲವೇ ಷೇರುದಾರರಿಗೆ ಹೊರಬರುವ ದಾರಿಯನ್ನು ಕೊಡಬೇಕು ಎಂದು ೨೦೧೬ರಲ್ಲಿ ಸೆಬಿ ವಿಧಿಸಬೇಕಾಯಿತು.

ರಾಷ್ಟ್ರೀಯ ಪೇಟೆಯಲ್ಲಿದ್ದರೂ ಸಣ್ಣ ಕಂಪನಿಯ ಷೇರಿಗೆ ಗಿರಾಕಿಗಳು ವಿರಳ. ದಿನದ ಇಳಿತಕ್ಕೆ ಶೇಕಡ ೫ರ ಮಿತಿಯಿದ್ದು, ಬೆಲೆ ಆ ಮಿತಿಯನ್ನು ಮುಟ್ಟಿ ಕೊಳ್ಳುವವರೇ ಇಲ್ಲದಾದರೆ, ಪರದೆಯ ಮೇಲೆ ಕಾಣುವ ಬೆಲೆ ಕೇವಲ ಅಂಕಿ. ಆ ಬೆಲೆಗೆ ಹಣ ಕೈಸೇರದು.

ಆಗ ಷೇರುದಾರನಿಗೆ ಉಳಿಯುವುದು ಕಾಯುವಿಕೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಿದವರು ಮಳೆಗೆ, ಬೆಳೆಗೆ, ರಾಜ್ಯಕ್ಕೆ ತಂತಮ್ಮ ಅರ್ಥವನ್ನು ಹಚ್ಚುತ್ತಾರೆ. ಕಂಪನಿಯ ಒಂದೊಂದು ಪ್ರಕಟಣೆಯನ್ನೂ ಬಿಡಿ ಷೇರುದಾರರು ಹೀಗೆಯೇ ಓದತೊಡಗುತ್ತಾರೆ: ಒಡಂಬಡಿಕೆಯೆಂದರೆ ಗಿರಾಕಿ, ಪ್ರಯೋಗವೆಂದರೆ ಉತ್ಪಾದನೆ, ಆದೇಶವೆಂದರೆ ಲಾಭ. ಕಾರಣಿಕಕ್ಕೆ ಶ್ರದ್ಧೆಯ ಆಧಾರವುಂಟು. ಕಂಪನಿಯ ಪ್ರಕಟಣೆಗೆ ಲೆಕ್ಕದ ಆಧಾರವೇ ಬೇಕು. ನೂರು ರೂಪಾಯಿಯ ಷೇರು ನಲವತ್ತಕ್ಕೆ ಇಳಿದಾಗ ಮತ್ತಷ್ಟು ಕೊಂಡರೆ ಸರಾಸರಿ ಬೆಲೆ ಇಳಿಯುತ್ತದೆ, ನಿಜ. ಆದರೆ ಅದೇ ಕಂಪನಿಯಲ್ಲಿ ಸಿಕ್ಕಿಕೊಂಡ ಹಣ ಹೆಚ್ಚುತ್ತದೆ. ನಲವತ್ತು ಮತ್ತೆ ನೂರಾಗಬೇಕಾದರೆ ಶೇಕಡ ೧೫೦ರಷ್ಟು ಏರಬೇಕೆಂಬುದನ್ನು ಯಾರೂ ಹೇಳುವುದಿಲ್ಲ.

೭

ಹಾಗಾದರೆ ಸಣ್ಣ ಕಂಪನಿಗಳಲ್ಲಿ ಯಾರೂ ಹಣ ಹಾಕಕೂಡದೇ? ಹಾಗೆಂದರೆ ಹೊಸ ಉದ್ಯಮಗಳೇ ಹುಟ್ಟಲಾರವು. ಕೊಳ್ಳುವ ಮುನ್ನ ವಾರ್ಷಿಕ ವರದಿಯಿಂದ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಬೇಕು. ಕಳೆದ ಐದು ವರ್ಷಗಳಲ್ಲಿ ಷೇರುಗಳ ಸಂಖ್ಯೆ ಎಷ್ಟರಿಂದ ಎಷ್ಟಕ್ಕೆ ಏರಿತು? ವ್ಯಾಪಾರದಿಂದ ಹಣ ಒಳಕ್ಕೆ ಬರುತ್ತಿದೆಯೇ, ಹೊರಕ್ಕೆ ಹೋಗುತ್ತಿದೆಯೇ? ಕೈಯಲ್ಲಿರುವ ಹಣ ಎಷ್ಟು ತಿಂಗಳ ವೆಚ್ಚಕ್ಕೆ ಸಾಕು? ಈ ಮೂರಕ್ಕೂ ರಸಾಯನಶಾಸ್ತ್ರ ಬೇಕಿಲ್ಲ. ಕೂಡುವ ಕಳೆಯುವ ಲೆಕ್ಕ ಸಾಕು.

ಈಗಾಗಲೇ ಕೊಂಡವರಿಗೂ ಕಾಯಿದೆ ಕೆಲವು ಹಕ್ಕುಗಳನ್ನು ಕೊಟ್ಟಿದೆ. ವಿಶೇಷ ನಿರ್ಣಯಕ್ಕೆ ಮನೆಯಲ್ಲಿಯೇ ಕುಳಿತು ಮತ ಚಲಾಯಿಸಬಹುದು. ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ೨೦೧೧ರಿಂದ ದೂರು ಸಲ್ಲಿಸುವ ಅವಕಾಶವಿದೆ. ಮುಖಬೆಲೆ ೨೦,೦೦೦ ರೂಪಾಯಿಗೆ ಮೀರದ ಷೇರುಗಳುಳ್ಳವರು ಒಟ್ಟುಗೂಡಿ, ಪಟ್ಟಿಯಲ್ಲಿರುವ ಕಂಪನಿಯ ಆಡಳಿತ ಮಂಡಲಿಗೆ ತಮ್ಮದೇ ಒಬ್ಬ ನಿರ್ದೇಶಕನನ್ನು ಆರಿಸಬಹುದೆಂದು ೧೫೧ನೆಯ ಕಲಮು ಹೇಳುತ್ತದೆ. ಅದಕ್ಕೆ ಅಂಥ ಸಾವಿರ ಮಂದಿ, ಇಲ್ಲವೇ ಅವರಲ್ಲಿ ಹತ್ತನೆಯ ಒಂದು ಭಾಗ—ಯಾವುದು ಕಡಿಮೆಯೋ ಅಷ್ಟು ಜನ—ನೋಟೀಸು ಕೊಟ್ಟರೆ ಸಾಕು. ಚದುರಿದ ಷೇರುದಾರರು ಒಂದುಗೂಡುವುದು ಕಷ್ಟವಾದ್ದರಿಂದ ಈ ಹಕ್ಕು ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯುತ್ತದೆ.

ಮಳೆ ತಪ್ಪಿದ ವರ್ಷ ನಮ್ಮ ಸೀಮೆಯಲ್ಲಿ ಮನೆಯನ್ನು ನಡೆಸುವುದು ಕೂಡಿಟ್ಟ ಹಣ. ಆ ಹಣ ಷೇರಿನಲ್ಲಿ ಕರಗಿದರೆ ನಷ್ಟ ಒಂದು ಕುಟುಂಬದ್ದಾಗಿ ನಿಲ್ಲುವುದಿಲ್ಲ. ಉದ್ಯಮದಲ್ಲಿ ಪಾಲುಗೊಳ್ಳುವ ಧೈರ್ಯವೇ ಊರಿನಿಂದ ಹೊರಟುಹೋಗುತ್ತದೆ. ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರವನ್ನು ಬೋಧಿಸುವವರು, ಯಾವುದಾದರೊಂದು ಸಣ್ಣ ಕಂಪನಿಯ ಐದು ವರ್ಷಗಳ ವರದಿಗಳನ್ನು ತರಗತಿಗೆ ತಂದು ಮೇಲಿನ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದ ಬಿಡಿಸಿದರೆ ಬಹಳ ಪ್ರಯೋಜನವಾದೀತು. ಬಿತ್ತುವ ಮೊದಲು ನೆಲವನ್ನು ಪರೀಕ್ಷಿಸುವ ವಿವೇಕ ಈ ಸೀಮೆಯವರಿಗೆ ಹೊಸದಲ್ಲ; ಅದನ್ನು ಷೇರಿನ ಹೊಲಕ್ಕೂ ಅನ್ವಯಿಸಬೇಕಾಗಿದೆ, ಅಷ್ಟೇ.