ಬೆಂಕಿಯಿಲ್ಲದ ಕರೆಗೆ ಬೆಂಕಿಯ ಬಂಡಿ

ಎದೆನೋವೆಂದು ಕರೆದವನ ಬಾಗಿಲಿಗೆ ಬೆಂಕಿ ಆರಿಸುವ ಬಂಡಿಯು ಬಂದು ನಿಂತರೆ ನಮಗೆ ವಿಚಿತ್ರವಾಗಿ ತೋರಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಸಿಯಾಟಲ್ ನಗರದಲ್ಲಿ ಇದು ನಿತ್ಯದ ನೋಟ. ಆ ದೇಶದ ಅಗ್ನಿಶಾಮಕ ಇಲಾಖೆಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವೈದ್ಯಸಹಾಯವನ್ನು ಬೇಡುವಂಥವು.

ಇದರ ಕಾರಣವು ಠಾಣೆಗಳ ಹಂಚಿಕೆಯಲ್ಲಿದೆ. ಬೆಂಕಿಯು ಕಾಯದಾದುದರಿಂದ ಠಾಣೆಗಳನ್ನು ಊರಿನ ಎಲ್ಲ ಭಾಗಗಳಲ್ಲಿಯೂ ಕಟ್ಟಿರುವರು, ಆಸ್ಪತ್ರೆಗಳು ಹಾಗಿಲ್ಲ. ನಿಂತ ಹೃದಯವೂ ಕಾಯದು. ಎದೆಯನ್ನು ಒತ್ತಿ ರಕ್ತವಾಡಿಸುವವರಿಲ್ಲದಿದ್ದರೆ, ವಿದ್ಯುದಾಘಾತದ ಚಿಕಿತ್ಸೆಯು ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಕುಗ್ಗುವುದು. 1970ರಲ್ಲಿ ಡಾಕ್ಟರ್ ಲಿಯೊನಾರ್ಡ್ ಕಾಬ್ ಅವರೂ ಅಗ್ನಿಶಾಮಕ ದಳದ ಮುಖ್ಯಾಧಿಕಾರಿ ಗಾರ್ಡನ್ ವಿಕರಿ ಅವರೂ ಕೂಡಿ ಅಲ್ಲಿ 'ಮೆಡಿಕ್ ಒನ್' ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಹತ್ತಿರದ ಠಾಣೆಯವರು ಮೊದಲು ಹೋಗಿ ಪ್ರಥಮ ಚಿಕಿತ್ಸೆ ಮಾಡುವರು. ಪ್ರಾಣಾಪಾಯವಿದ್ದರೆ ಹೆಚ್ಚಿನ ಶಿಕ್ಷಣ ಪಡೆದವರ ವಾಹನವೂ ಹೊರಡುವುದು.

ಆದರೆ ಈ ಉಪಕಾರಕ್ಕೂ ಬೆಲೆಯುಂಟು. ಅಲ್ಪ ಕಾರಣಕ್ಕೆ ಹೊರಟ ಬಂಡಿಯು ಬಿಡುವಾಗುವವರೆಗೆ ಪಕ್ಕದ ಬೀದಿಯಲ್ಲಿ ಉಸಿರು ನಿಂತವನಿಗೆ ದೂರದ ಠಾಣೆಯೇ ಗತಿ. ಬಂಡಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಈ ತೊಡಕು ತೀರದು. ಕರೆಗಳನ್ನು ತೂಗಿ ನೋಡಬೇಕು. 2019ರಲ್ಲಿ ಅದೇ ನಗರವು ಅಗ್ನಿಶಾಮಕರೂ ಸಮಾಜಸೇವಾ ಕಾರ್ಯಕರ್ತರೂ ಕೂಡಿದ 'ಹೆಲ್ತ್ ಒನ್' ಎಂಬ ತಂಡವನ್ನು ಏರ್ಪಡಿಸಿತು. ತುರ್ತಲ್ಲದ ಕರೆಗಳನ್ನು ಅದು ವಹಿಸಿಕೊಂಡಷ್ಟೂ ದೊಡ್ಡ ಬಂಡಿಗಳಿಗೆ ಬಿಡುವು.

ಕರ್ನಾಟಕದಲ್ಲಿ ಆಂಬುಲೆನ್ಸ್ ಸೇವೆಯೂ ಅಗ್ನಿಶಾಮಕ ದಳವೂ ಬೇರೆ ಬೇರೆ. ಆದರೂ ಈ ನೀತಿಯು ಎರಡಕ್ಕೂ ಸಲ್ಲುವುದು. ಠಾಣೆಯಲ್ಲಿ ಸುಮ್ಮನೆ ನಿಂತ ಬಂಡಿಯನ್ನು ಕಂಡು ವ್ಯರ್ಥವೆನ್ನಬಾರದು. ಇನ್ನೂ ಬಾರದ ಕರೆಗಾಗಿ ಅದು ನಿಂತಿದೆ.