ಓಟಿಟಿಗೆ ಬರಲೆಂದು ಕಾಯುವ ಪ್ರೇಕ್ಷಕ ಮತ್ತು ಕನ್ನಡ ಸಿನಿಮಾ

ಚಿತ್ರಮಂದಿರದ ಬೆಳ್ಳಿತೆರೆಯನ್ನು ಕಾಣದೆಯೇ ಕನ್ನಡ ಚಲನಚಿತ್ರವೊಂದು ನೇರವಾಗಿ ಪ್ರೇಕ್ಷಕರ ಮನೆ ಸೇರಬಹುದು ಎಂಬುದು 2020ರ ಜುಲೈ ತಿಂಗಳಲ್ಲಿ ಕನ್ನಡಿಗರ ಅನುಭವಕ್ಕೆ ಬಂತು. ಕೊರೊನಾ ಕಾರಣದಿಂದ ಚಿತ್ರಮಂದಿರಗಳು ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ ಪಿಆರ್‌ಕೆ ಪ್ರೊಡಕ್ಷನ್ಸ್ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಒಂದು ವಾರದ ಅಂತರದಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಭೀಮಸೇನ ನಳಮಹಾರಾಜ’ವೂ ಅದೇ ದಾರಿ ಹಿಡಿಯಿತು. ಕೇಬಲ್ಲು, ಡಿಶ್ಶುಗಳ ಹಂಗಿಲ್ಲದೆ ಅಂತರ್ಜಾಲದ ಮೂಲಕವೇ ಚಂದಾದಾರರಿಗೆ ಚಿತ್ರಗಳನ್ನು ತಲುಪಿಸುವ ಈ ವ್ಯವಸ್ಥೆಗೆ ಓಟಿಟಿ ಎಂಬ ಹೆಸರು ಮನೆಮಾತಾದದ್ದೂ ಆಗಲೇ. ಚಿತ್ರಮಂದಿರಕ್ಕಾಗಿ ಗಾಂಧಿನಗರದಲ್ಲಿ ಅಲೆಯಬೇಕಿದ್ದ ಸಣ್ಣ ನಿರ್ಮಾಪಕರಿಗೆ ಇನ್ನು ಬಿಡುಗಡೆಯ ಚಿಂತೆಯಿಲ್ಲ ಎಂಬ ಭರವಸೆ ಅಂದು ಮೂಡಿತ್ತು. ಆ ಭರವಸೆ ಹುಸಿಯಾಯಿತು. ಅದು ಏಕೆ ಹುಸಿಯಾಯಿತು ಎಂಬುದನ್ನು ತಿಳಿಯದೆ, ಸಿನಿಮಾವನ್ನು ಚಿತ್ರಮಂದಿರದಲ್ಲಿ ನೋಡಬೇಕೋ ಮನೆಯಲ್ಲಿ ನೋಡಬೇಕೋ ಎಂಬ ಚರ್ಚೆಯನ್ನು ಬರಿಯ ಅನುಕೂಲದ ಪ್ರಶ್ನೆಯಾಗಿ ಮುಗಿಸಿಬಿಡುವುದು ಸರಿಯಲ್ಲ.

ಮೊದಲಿಗೆ ನೋಟದ ಮಾತು. ಇಂದು ಚಿತ್ರಮಂದಿರಗಳಲ್ಲಿ ರೀಲು ಡಬ್ಬಗಳಿಲ್ಲ. ಚಿತ್ರವು ಡಿಸಿಪಿ, ಅಂದರೆ ಡಿಜಿಟಲ್ ಸಿನಿಮಾ ಪ್ಯಾಕೇಜ್ ಎಂಬ ಕಡತದ ರೂಪದಲ್ಲಿ ಬರುತ್ತದೆ ಮತ್ತು ಗೊತ್ತುಪಡಿಸಿದ ಚಿತ್ರಮಂದಿರದಲ್ಲಿ, ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ ಅದನ್ನು ತೆರೆಯಬಲ್ಲ ಡಿಜಿಟಲ್ ಕೀಲಿಯೊಂದು ಅದರ ಜೊತೆಗಿರುತ್ತದೆ. ಈ ಕಡತದಿಂದ ಸೆಕೆಂಡಿಗೆ ಗರಿಷ್ಠ 250 ಮೆಗಾಬಿಟ್‌ವರೆಗೆ ದೃಶ್ಯದ ಮಾಹಿತಿ ಹರಿಯಬಹುದೆಂಬುದು ಡಿಸಿಪಿಯ ಮಾನದಂಡ. ಓಟಿಟಿಯಲ್ಲಾದರೋ ಉತ್ತಮ ಗುಣಮಟ್ಟದ 4ಕೆ ಚಿತ್ರಕ್ಕೂ ಸಾಮಾನ್ಯವಾಗಿ 15ರಿಂದ 25 ಮೆಗಾಬಿಟ್‌ಗಳಲ್ಲಿಯೇ ಕೆಲಸ ಮುಗಿಯಬೇಕು. ಅದಕ್ಕಾಗಿ ಚಿತ್ರವನ್ನು ಹಲವು ಗುಣಮಟ್ಟಗಳಲ್ಲಿ ಸಂಕುಚನಗೊಳಿಸಿ, ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ಮಾಡಿ ಇಟ್ಟಿರಲಾಗುತ್ತದೆ. ನೋಡುಗರ ಮನೆಯ ಇಂಟರ್‌ನೆಟ್ ವೇಗ ತಗ್ಗಿದಾಗ ಟಿವಿಯೋ ಮೊಬೈಲೋ ಕೆಳಗಿನ ಗುಣಮಟ್ಟದ ತುಣುಕನ್ನು ತಾನಾಗಿ ಆರಿಸಿಕೊಳ್ಳುತ್ತದೆ. ಹಾಡಹಗಲಿನ ದೃಶ್ಯಗಳಲ್ಲಿ ಈ ಕಡಿತ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ‘ಕಾಂತಾರ’ದ ಭೂತಕೋಲದಂತಹ ರಾತ್ರಿಯ ದೃಶ್ಯದಲ್ಲಿ, ದೊಂದಿಯ ಬೆಳಕಿನಿಂದ ಕಗ್ಗತ್ತಲಿನವರೆಗೆ ಇಳಿಯುವ ಛಾಯೆಗಳ ನಡುವಣ ಸೂಕ್ಷ್ಮ ಅಂತರವೇ ದೃಶ್ಯದ ಜೀವವಾಗಿರುವುದರಿಂದ, ಮನೆಯ ಪರದೆಯ ಮೇಲೆ ಅದು ಬರಿಯ ಕಪ್ಪು ಪಟ್ಟಿಗಳಾಗಿ ಕಾಣುವ ಸಂಭವ ಹೆಚ್ಚು. ಶಬ್ದದ ವಿಷಯದಲ್ಲಿಯೂ ಹೀಗೆಯೇ: ಡಾಲ್ಬಿ ಅಟ್ಮಾಸ್ ವ್ಯವಸ್ಥೆಯ ಚಿತ್ರಮಂದಿರದಲ್ಲಿ ಪ್ರೇಕ್ಷಕರ ಸುತ್ತಲೂ, ನೆತ್ತಿಯ ಮೇಲೂ ಇರುವ, 64ರವರೆಗೆ ಹೋಗಬಹುದಾದ ಸ್ಪೀಕರ್ ದಾರಿಗಳಿಗೆಂದು ಹೊಂದಿಸಿದ ನಾದವು ಟಿವಿಯ ಎರಡು ಸ್ಪೀಕರ್‌ಗಳಿಗೆ ಇಳಿದಾಗ ಎಷ್ಟೋ ಬಾರಿ ಹಿನ್ನೆಲೆ ಸಂಗೀತದಡಿ ಮಾತು ಮುಳುಗಿಹೋಗುತ್ತದೆ.

ಆದರೂ ಈ ವ್ಯತ್ಯಾಸಗಳು ಮುಖ್ಯ ವಿಷಯವಲ್ಲ. ಮುಖ್ಯವಾದದ್ದು ಹಣದ ಹರಿವು. ಕರ್ನಾಟಕದ ಏಕಪರದೆ ಚಿತ್ರಮಂದಿರಗಳಲ್ಲಿ ಬಾಡಿಗೆ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಂದರೆ ಜನ ಬರಲಿ ಬಿಡಲಿ, ವಾರಕ್ಕೆ ಇಷ್ಟೆಂದು ಚಿತ್ರಮಂದಿರದ ಮಾಲೀಕರಿಗೆ ನಿರ್ಮಾಪಕ ಅಥವಾ ಹಂಚಿಕೆದಾರ ತೆರಬೇಕು. ಮಲ್ಟಿಪ್ಲೆಕ್ಸ್‌ಗಳಲ್ಲಿ ಗಳಿಕೆಯನ್ನು ಶೇಕಡಾವಾರು ಹಂಚಿಕೊಳ್ಳುವುದು ರೂಢಿ. ಮೊದಲ ವಾರ ನಿರ್ಮಾಪಕರ ಪಾಲು ಸುಮಾರು ಅರ್ಧದಷ್ಟಿದ್ದು, ಮುಂದಿನ ವಾರಗಳಲ್ಲಿ ಇಳಿಯುತ್ತಾ ಹೋಗುತ್ತದೆ. ಓಟಿಟಿಯ ಲೆಕ್ಕವೇ ಬೇರೆ. ನಿಗದಿತ ವರ್ಷಗಳ ಪ್ರಸಾರದ ಹಕ್ಕಿಗೆ ಒಂದೇ ಮೊತ್ತ ಕೊಟ್ಟು ಕೊಳ್ಳುವುದು ಒಂದು ಬಗೆಯಾದರೆ, ಮೊದಲು ಏನನ್ನೂ ಕೊಡದೆ, ಪ್ರೇಕ್ಷಕರು ಚಿತ್ರವನ್ನು ಎಷ್ಟು ಹೊತ್ತು ನೋಡಿದರೋ ಅದಕ್ಕೆ ತಕ್ಕಂತೆ ಪಾಲು ಕೊಡುವುದು ಇನ್ನೊಂದು ಬಗೆ. ಚಂದಾದಾರರನ್ನು ಕಲೆಹಾಕುವ ಆತುರದಲ್ಲಿದ್ದ ಕೊರೊನಾ ವರ್ಷಗಳಲ್ಲಿ ಓಟಿಟಿ ಕಂಪನಿಗಳು ಮೊದಲನೆಯ ಬಗೆಗೆ ಒಪ್ಪುತ್ತಿದ್ದವು. ಚಿತ್ರಮಂದಿರಗಳು ಮತ್ತೆ ತೆರೆದ ಮೇಲೆ ಅವುಗಳ ಧೋರಣೆ ಬದಲಾಯಿತು: ಚಿತ್ರವು ಮೊದಲು ಚಿತ್ರಮಂದಿರದಲ್ಲಿ ಏನು ಗಳಿಸಿತೆಂದು ನೋಡಿ, ಆಮೇಲೆ ಬೆಲೆ ಕಟ್ಟುವುದು ಸಾಮಾನ್ಯವಾಯಿತು. ಹಿಂದಿ, ತೆಲುಗು, ತಮಿಳುಗಳಿಗೆ ಹೋಲಿಸಿದರೆ ಕನ್ನಡದ ಮಾರುಕಟ್ಟೆ ಚಿಕ್ಕದೆಂಬ ಎಣಿಕೆಯಿಂದ ಇದರ ಪೆಟ್ಟು ಕನ್ನಡಕ್ಕೆ ಹೆಚ್ಚು ಬಿತ್ತು. ಕರಾವಳಿಯ ಕಥೆಗಳನ್ನು ಹೊಂದಿದ್ದ ‘ಏಕಂ’ ಎಂಬ ಕನ್ನಡ ವೆಬ್ ಸರಣಿಗೆ ಯಾವ ಓಟಿಟಿಯೂ ದೊರೆಯದೆ, ಅದರ ನಿರ್ಮಾಪಕರು 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ರಕ್ಷಿತ್ ಶೆಟ್ಟಿಯವರಂತಹ ಹೆಸರಾಂತ ನಟ-ನಿರ್ಮಾಪಕರ ಬೆಂಬಲವಿದ್ದ ಕೃತಿಗೇ ಈ ಗತಿಯಾದರೆ ಹೊಸಬರ ಪಾಡು ಊಹಿಸಲು ಕಷ್ಟವಿಲ್ಲ.

ಹೀಗಾಗಿ ಚಿತ್ರಮಂದಿರ ಮತ್ತು ಓಟಿಟಿಗಳು ಎದುರಾಳಿಗಳೆಂಬ ತಿಳಿವಳಿಕೆಯೇ ತಪ್ಪು. ಕನ್ನಡದ ಮಟ್ಟಿಗಂತೂ ಎರಡನೆಯದರ ಬಾಗಿಲನ್ನು ತೆರೆಯುವುದು ಮೊದಲನೆಯದೇ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ಬಿಡುಗಡೆಯಾಗಿ, ನೋಡಿದವರ ಮಾತಿನ ಬಲದಿಂದಲೇ ಇತರ ಭಾಷೆಗಳಿಗೂ ಹಬ್ಬಿ, ಸುಮಾರು ಎಂಟು ವಾರಗಳ ಬಳಿಕ ನವೆಂಬರ್ 24ರಂದು ಓಟಿಟಿಗೆ ಬಂತು. 2025ರ ಜುಲೈ 25ರಂದು ಬಿಡುಗಡೆಯಾದ ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ದಲ್ಲಿ ದೊಡ್ಡ ತಾರೆಯ ಹೆಸರಾಗಲಿ ಅಬ್ಬರದ ಪ್ರಚಾರವಾಗಲಿ ಇರಲಿಲ್ಲ, ಚಿತ್ರಮಂದಿರದಲ್ಲಿ ನಕ್ಕವರು ನೆರೆಹೊರೆಯವರನ್ನು ಕಳುಹಿಸಿದರು, ಪ್ರದರ್ಶನಗಳು ದಿನದಿನಕ್ಕೆ ಏರಿದವು. ಹಾಸ್ಯಚಿತ್ರಕ್ಕೆ ದೊಡ್ಡ ಪರದೆ ಬೇಕಿಲ್ಲವೆಂಬ ವಾದವನ್ನು ಆ ಚಿತ್ರ ಸಂಪೂರ್ಣವಾಗಿ ಅಲ್ಲಗಳೆಯಿತು, ಏಕೆಂದರೆ ನಗು ಸಾಲಿನಿಂದ ಸಾಲಿಗೆ ಹರಡುವಂಥದ್ದು. ಒಬ್ಬರೇ ಕುಳಿತು ಮೊಬೈಲಿನಲ್ಲಿ ನೋಡುವಾಗ ಅದೇ ದೃಶ್ಯಕ್ಕೆ ಬರುವುದು ಮುಗುಳ್ನಗೆ ಮಾತ್ರ.

ಜನ ಚಿತ್ರಮಂದಿರದಿಂದ ದೂರವಾದದ್ದಕ್ಕೆ ಅವರನ್ನಷ್ಟೇ ದೂಷಿಸುವುದು ಅನ್ಯಾಯವಾದೀತು. ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ ಸ್ಟೇಟ್ಸ್ ಚಿತ್ರಮಂದಿರವಿದ್ದ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಆಸುಪಾಸಿನಲ್ಲಿ ಇಂದು ಸಾಗರ್ ಇಲ್ಲ, ಕಪಾಲಿ ಇಲ್ಲ. 1974ರಲ್ಲಿ ಆರಂಭವಾಗಿದ್ದ ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ 2024ರಲ್ಲಿ ಮುಚ್ಚಿತು, ಮೈಸೂರಿನ ಶಾಂತಲಾ 2020ರಲ್ಲಿಯೇ ಮುಚ್ಚಿತ್ತು. ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಎಲ್ಲರ ಕಿಸೆಗೂ ಹೊಂದುವ ದರಗಳನ್ನು ಇಟ್ಟುಕೊಂಡಿದ್ದ ಮಂದಿರಗಳು ಹೋದಂತೆಲ್ಲ ಉಳಿಯುವುದು ಮಲ್ಟಿಪ್ಲೆಕ್ಸ್ ಮಾತ್ರ, ಮತ್ತು ಅಲ್ಲಿ ನಾಲ್ವರ ಕುಟುಂಬ ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗ್‌ಗೆ ಒಂದು ಸಂಜೆ ಕೊಡುವ ಹಣದಲ್ಲಿ ಮನೆಗೆ ಹಲವು ತಿಂಗಳ ಓಟಿಟಿ ಚಂದಾ ಬರುತ್ತದೆ. ಈ ಹೊರೆಯನ್ನು ತಗ್ಗಿಸಲು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿ ಮಾಡಿ, ತೆರಿಗೆ ಬಿಟ್ಟು 200 ರೂಪಾಯಿಯ ಮಿತಿಯನ್ನು ಟಿಕೆಟ್ ದರಕ್ಕೆ ವಿಧಿಸಿತು. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ವಿಶೇಷ ಸೌಲಭ್ಯದ ಪರದೆಗಳಿಗೆ ವಿನಾಯಿತಿ ಇತ್ತು. ಮಲ್ಟಿಪ್ಲೆಕ್ಸ್‌ಗಳು ಹೈಕೋರ್ಟ್ ಮೊರೆಹೋದವು, ಅದೇ ತಿಂಗಳಲ್ಲಿ ಮಧ್ಯಂತರ ತಡೆಯಾಜ್ಞೆ ಬಂತು. ಮಿತಿ 200 ರೂಪಾಯಿಯೇ ಆಗಬೇಕೆಂದಿಲ್ಲ. ಆದರೆ ಮಧ್ಯಮವರ್ಗದ ಕುಟುಂಬಕ್ಕೆ ಎಟುಕದ ಚಿತ್ರಮಂದಿರವನ್ನು ಜನಪ್ರಿಯ ಕಲೆಯ ನೆಲೆಯೆಂದು ಕರೆಯಲಾಗದು.

ಓಟಿಟಿಯ ಉಪಕಾರವೂ ಸಣ್ಣದಲ್ಲ. ಚಿತ್ರಮಂದಿರವೇ ಇಲ್ಲದ ತಾಲ್ಲೂಕಿನವರಿಗೆ, ಹೊರಗೆ ಹೋಗಲಾರದ ವೃದ್ಧರಿಗೆ, ಕನ್ನಡ ಚಿತ್ರ ಬಾರದ ಊರುಗಳಲ್ಲಿರುವ ಹೊರನಾಡ ಕನ್ನಡಿಗರಿಗೆ ಅದು ಬಹುದೊಡ್ಡ ಆಸರೆ. ಆದರೆ ಅಲ್ಲಿರುವುದೆಲ್ಲ ಶಾಶ್ವತವೆಂಬ ಭ್ರಮೆ ಬೇಡ: ಹಕ್ಕಿನ ಅವಧಿ ತೀರಿದರೆ ಚಿತ್ರ ಸದ್ದಿಲ್ಲದೆ ಮರೆಯಾಗುತ್ತದೆ, ಕೆಲವೊಮ್ಮೆ ಅಲ್ಲಿದ್ದುಕೊಂಡೇ ಬದಲಾಗುತ್ತದೆ. ‘ಕಾಂತಾರ’ ಓಟಿಟಿಗೆ ಬಂದಾಗ ಕೃತಿಸ್ವಾಮ್ಯದ ವ್ಯಾಜ್ಯದಿಂದಾಗಿ ‘ವರಾಹರೂಪಂ’ ಹಾಡಿಗೆ ಬೇರೆಯದೇ ರಾಗ ಸಂಯೋಜನೆಯಿತ್ತು. ಚಿತ್ರಮಂದಿರದಲ್ಲಿ ಕೇಳಿದ್ದ ಮೂಲ ಹಾಡು ಅಲ್ಲಿಗೆ ಮರಳಿದ್ದು ಕೆಲವು ದಿನಗಳ ನಂತರ.

ದೊಡ್ಡ ತಾರೆಯರ ಚಿತ್ರಗಳಿಗೆ ಮೊದಲ ದಿನವೇ ಅಭಿಮಾನಿಗಳು ನೆರೆಯುತ್ತಾರೆ, ಅವುಗಳ ಡಿಜಿಟಲ್ ಹಕ್ಕು ಬಿಡುಗಡೆಗೆ ಮೊದಲೇ ಮಾರಾಟವಾಗುವುದೂ ಉಂಟು. ಅಪಾಯವಿರುವುದು ಹೊಸ ನಿರ್ದೇಶಕರ, ತಾರೆಯರಿಲ್ಲದ, ಸದಭಿರುಚಿಯ ಸಣ್ಣ ಚಿತ್ರಗಳಿಗೆ. ಓಟಿಟಿಗೆ ಬಂದಾಗ ನೋಡಿದರಾಯಿತೆಂದು ಜನ ಕಾಯುತ್ತಿರುವಾಗಲೇ ಅವು ಒಂದು ವಾರದೊಳಗೆ ಚಿತ್ರಮಂದಿರದಿಂದ ಹೊರಬೀಳುತ್ತವೆ, ಗಳಿಕೆಯಿಲ್ಲವೆಂಬ ಕಾರಣಕ್ಕೆ ಓಟಿಟಿಗೂ ಸಲ್ಲದೆ ಉಳಿಯುತ್ತವೆ. ಅಂತಹ ಚಿತ್ರವೊಂದರ ಬಗ್ಗೆ ಒಳ್ಳೆಯ ಮಾತು ಕಿವಿಗೆ ಬಿದ್ದಾಗ, ಹತ್ತಿರದಲ್ಲಿ ಪ್ರದರ್ಶನವಿದ್ದು ಕೈಯಲ್ಲಿ ಅನುಕೂಲವೂ ಇದ್ದರೆ, ಓದುಗರು ಅದನ್ನು ಮೊದಲ ವಾರದಲ್ಲಿಯೇ ಚಿತ್ರಮಂದಿರಕ್ಕೆ ಹೋಗಿ ನೋಡಬೇಕು.