ತೊಡೆಯ ಬಲ

ಕುಸ್ತಿಯ ಅಖಾಡಕ್ಕಿಳಿದ ಜಟ್ಟಿ ತೊಡೆ ತಟ್ಟಿ ಎದುರಾಳಿಯನ್ನು ಕರೆಯುತ್ತಾನೆ. ಮಹಾಭಾರತದ ಭೀಮ ದುರ್ಯೋಧನನನ್ನು ಕೆಡಹಿದ್ದು ಅವನ ತೊಡೆಗಳನ್ನು ಮುರಿದು. ಆ ಕಥೆಯೇ ರನ್ನನ ‘ಗದಾಯುದ್ಧ’ಕ್ಕೆ ವಸ್ತುವಾಯಿತು. ತೋಳಿನ ಬಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮನುಷ್ಯನನ್ನು ನೆಲದ ಮೇಲೆ ನಿಲ್ಲಿಸುವ ಬಲ ತೊಡೆಯದು. ಆ ಬಲ ಎಲ್ಲಿಂದ ಬರುತ್ತದೆ, ಹೇಗೆ ಕೆಲಸ ಮಾಡುತ್ತದೆ, ಅದು ಕುಂದಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕುರ್ಚಿಯ ಮೇಲೆ ಕುಳಿತು ತೊಡೆಯ ಮುಂಭಾಗದ ಮೇಲೆ ಅಂಗೈಯನ್ನಿಡಿ. ಈಗ ಪಾದವನ್ನು ನೆಲದಿಂದೆತ್ತಿ ಮೊಣಕಾಲನ್ನು ನಿಧಾನವಾಗಿ ನೇರಮಾಡಿ. ಮೆತ್ತಗಿದ್ದ ಮಾಂಸಖಂಡ ಕೈಯ ಕೆಳಗೆ ಬಿಗಿದು ಗಟ್ಟಿಯಾಗುವುದು ತಿಳಿಯುತ್ತದೆ. ಹೀಗೆ ಬಿಗಿಯುವುದು ನಾಲ್ಕು ಸ್ನಾಯುಗಳ ಒಂದು ಗುಂಪು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕ್ವಾಡ್ರಿಸೆಪ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಿಂದ ಬಂದ ಈ ಮಾತಿಗೆ ‘ನಾಲ್ಕು ತಲೆಗಳುಳ್ಳದ್ದು’ ಎಂದರ್ಥ. ಕನ್ನಡದಲ್ಲಿ ಇದನ್ನು ಚತುಶ್ಶಿರ ಸ್ನಾಯು ಎನ್ನಬಹುದು.

ಈ ನಾಲ್ಕರಲ್ಲಿ ಮೂರು ಸ್ನಾಯುಗಳು ತೊಡೆಯೆಲುಬಿನಿಂದಲೇ ಹೊರಡುತ್ತವೆ. ಒಂದು ತೊಡೆಯ ಹೊರಮಗ್ಗುಲಲ್ಲಿದೆ, ಇನ್ನೊಂದು ಒಳಮಗ್ಗುಲಲ್ಲಿದೆ, ಮತ್ತೊಂದು ಇವೆರಡರ ನಡುವೆ ಎಲುಬಿಗೆ ಒತ್ತಿಕೊಂಡಿದೆ. ನಾಲ್ಕನೆಯದಾದ ರೆಕ್ಟಸ್ ಫೀಮೊರಿಸ್ ಮಾತ್ರ ಸೊಂಟದ ಎಲುಬಿನಿಂದ ಹೊರಟು, ಉಳಿದವುಗಳ ಮೇಲೆ ನೇರವಾಗಿ ಕೆಳಗಿಳಿಯುತ್ತದೆ. ಆದುದರಿಂದ ಅದು ಎರಡು ಕೀಲುಗಳ ಮೇಲೆ ಅಧಿಕಾರವನ್ನು ನಡೆಸುತ್ತದೆ: ಮೊಣಕಾಲನ್ನು ನೇರಮಾಡುವುದಲ್ಲದೆ ತೊಡೆಯನ್ನು ಮುಂದಕ್ಕೂ ಎತ್ತುತ್ತದೆ. ಆಟಗಾರನು ಚೆಂಡನ್ನು ಒದೆಯುವಾಗ ಈ ಎರಡು ಕೆಲಸಗಳೂ ಕೂಡಿ ನಡೆಯುತ್ತವೆ.

ನಾಲ್ಕು ಸ್ನಾಯುಗಳೂ ಕೆಳಗೆ ಒಂದುಗೂಡಿ ಗಟ್ಟಿಯಾದ ಒಂದು ರಜ್ಜುವಾಗುತ್ತವೆ. ಮಂಡಿಚಿಪ್ಪು ಈ ರಜ್ಜುವಿನೊಳಗೇ ಹುದುಗಿದೆ. ಅಲ್ಲಿಂದ ರಜ್ಜು ಮುಂದುವರಿದು ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಅಂಟಿಕೊಳ್ಳುತ್ತದೆ. ಮಂಡಿಚಿಪ್ಪು ಕೀಲಿಗೆ ಕೇವಲ ಮುಚ್ಚಳವಲ್ಲ. ಅದು ರಜ್ಜುವನ್ನು ಕೀಲಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿ ಹಿಡಿಯುತ್ತದೆ. ಇದರಿಂದ ಸ್ನಾಯುವಿನ ಅದೇ ಬಲಕ್ಕೆ ಹೆಚ್ಚಿನ ಫಲ ದೊರೆಯುತ್ತದೆ. ಸನ್ನೆಕೋಲು ಉದ್ದವಾದಷ್ಟೂ ಭಾರ ಸುಲಭವಾಗಿ ಏಳುವ ನಿಯಮವೇ ಇಲ್ಲಿಯೂ ನಡೆಯುತ್ತದೆ.

ಇವುಗಳ ಮೇಲೆ ಸೊಂಟದ ಹೊರಬದಿಯಿಂದ ಮೊಣಕಾಲಿನ ಒಳಬದಿಗೆ ಓರೆಯಾಗಿ ಹಾಯುವ ಪಟ್ಟಿಯಂತಹ ಸ್ನಾಯುವೊಂದುಂಟು. ಅದರ ಹೆಸರು ಸಾರ್ಟೋರಿಯಸ್, ಎಂದರೆ ‘ದರ್ಜಿಯ ಸ್ನಾಯು’. ಹಿಂದೆ ದರ್ಜಿಗಳು ಚಕ್ಕಳಮಕ್ಕಳ ಹಾಕಿ ಕುಳಿತು ಹೊಲಿಯುತ್ತಿದ್ದರು. ಕಾಲನ್ನು ಹಾಗೆ ಮಡಿಸಲು ಈ ಸ್ನಾಯು ನೆರವಾಗುತ್ತದೆ. ನಮ್ಮ ದೇಹದ ಸ್ನಾಯುಗಳಲ್ಲೆಲ್ಲ ಇದೇ ಅತ್ಯಂತ ಉದ್ದವಾದುದು.

ಕುಳಿತಲ್ಲಿಂದ ಏಳುವಾಗ, ಓಡುವಾಗ, ಗರಡಿಯಲ್ಲಿ ಬಸ್ಕಿ ಹೊಡೆಯುವಾಗ ಚತುಶ್ಶಿರ ಸ್ನಾಯು ದುಡಿಯುವುದು ಸರಿಯಷ್ಟೆ. ಆದರೆ ಮೆಟ್ಟಿಲಿಳಿಯುವಾಗಲೂ ಅದಕ್ಕೆ ಬಿಡುವಿಲ್ಲ. ಬಾವಿಗೆ ಕೊಡವನ್ನು ಇಳಿಸುವಾಗ ಹಗ್ಗವನ್ನು ಒಮ್ಮೆಗೇ ಬಿಟ್ಟುಬಿಡದೆ ಬಿಗಿಹಿಡಿದು ಸ್ವಲ್ಪಸ್ವಲ್ಪವಾಗಿ ಬಿಡುತ್ತೇವೆ. ಹಾಗೆಯೇ ಈ ಸ್ನಾಯು ಬಿಗಿಯಾಗಿದ್ದುಕೊಂಡೇ ನೀಳವಾಗುತ್ತ ದೇಹದ ಭಾರವನ್ನು ಮೆಲ್ಲಗೆ ಇಳಿಸುತ್ತದೆ. ಇಂತಹ ದುಡಿಮೆಯಿಂದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ತಗಲುತ್ತದೆ. ಮೈಸೂರಿನ ಚಾಮುಂಡಿಬೆಟ್ಟದ ಸುಮಾರು 1000 ಮೆಟ್ಟಿಲುಗಳನ್ನು ಅಭ್ಯಾಸವಿಲ್ಲದವರು ಹತ್ತಿ ಇಳಿದರೆ, ಮರುದಿನ ತೊಡೆ ನೋಯುವುದಕ್ಕೆ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಕಾರಣ.

ವೈದ್ಯರು ಮಂಡಿಚಿಪ್ಪಿನ ಕೆಳಗಿನ ರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುವುದನ್ನು ನೀವು ನೋಡಿರಬಹುದು. ಒಡನೆಯೇ ಕಾಲು ಮುಂದಕ್ಕೆ ಚಿಮ್ಮುತ್ತದೆ. ರಜ್ಜು ಎಳೆಯಲ್ಪಟ್ಟ ಸುದ್ದಿ ನರದ ಮೂಲಕ ಬೆನ್ನುಮೂಳೆಯೊಳಗಿನ ಮಿದುಳುಬಳ್ಳಿಗೆ ಹೋಗುತ್ತದೆ; ‘ಬಿಗಿಯಾಗು’ ಎಂಬ ಆಜ್ಞೆ ಮಿದುಳಿಗಾಗಿ ಕಾಯದೆ ಅಲ್ಲಿಂದಲೇ ಮರಳುತ್ತದೆ. ಜರ್ಮನಿಯ ವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲ್ 1875ರಲ್ಲಿ ಇದನ್ನು ಬೇರೆಬೇರೆಯಾಗಿ ವರ್ಣಿಸಿದರು. ಸ್ನಾಯು, ನರ ಮತ್ತು ಮಿದುಳುಬಳ್ಳಿ ಇವುಗಳ ಸಂಬಂಧ ಕೆಡದಿರುವುದನ್ನು ತಿಳಿಯಲು ಇದು ಇಂದಿಗೂ ಸುಲಭವಾದ ಪರೀಕ್ಷೆ.

ಈ ಸಂಬಂಧ ಕಡಿದುಹೋದರೆ ಆಗುವ ಅನರ್ಥವನ್ನು ಪೋಲಿಯೊ ರೋಗ ತೋರಿಸಿಕೊಟ್ಟಿತು. ಪೋಲಿಯೊ ವೈರಾಣು ಸ್ನಾಯುವನ್ನು ಮುಟ್ಟದೆ, ಅದಕ್ಕೆ ಆಜ್ಞೆ ಕೊಡುವ ಮಿದುಳುಬಳ್ಳಿಯ ನರಕೋಶಗಳನ್ನು ನಾಶಮಾಡುತ್ತದೆ. ಆಜ್ಞೆಯಿಲ್ಲದ ಸ್ನಾಯು ಸೊರಗುತ್ತದೆ. ಈ ರೋಗಕ್ಕೆ ಹಲವೊಮ್ಮೆ ತುತ್ತಾಗುತ್ತಿದ್ದುದು ಚತುಶ್ಶಿರ ಸ್ನಾಯುವೇ. ಅದು ಸೋತ ಮಗು ಹೆಜ್ಜೆಯಿಡುವಾಗ ಮೊಣಕಾಲು ಕುಸಿಯುತ್ತದೆ. ಆದುದರಿಂದ ಹೆಜ್ಜೆಹೆಜ್ಜೆಗೂ ತೊಡೆಯನ್ನು ಕೈಯಿಂದ ಒತ್ತಿಹಿಡಿದು ನಡೆಯಬೇಕಾಗುತ್ತದೆ. ಸ್ನಾಯು ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತದೆ. ಹೀಗೆ ನಡೆಯುತ್ತಿದ್ದ ಮಕ್ಕಳು ಒಂದು ಕಾಲಕ್ಕೆ ನಮ್ಮ ಊರೂರಿನಲ್ಲಿಯೂ ಇದ್ದರು. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಪ್ರಾರಂಭವಾಯಿತು. ಕಾಡು ಪೋಲಿಯೊ ವೈರಾಣುವಿನಿಂದ ಬಂದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡುಬಂದಿತು. 2014ರ ಮಾರ್ಚಿಯಲ್ಲಿ ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ವತಿಯಿಂದ ಘೋಷಿಸಲಾಯಿತು. ನಾಲಗೆಯ ಮೇಲೆ ಬಿದ್ದ ಎರಡು ಹನಿ ಲಸಿಕೆ ಎಷ್ಟೋ ಮಕ್ಕಳ ತೊಡೆಯ ಬಲವನ್ನು ಉಳಿಸಿತು.

ರೋಗವಿಲ್ಲದಿದ್ದರೂ ದುಡಿಮೆಯಿಲ್ಲದ ಸ್ನಾಯು ಕ್ಷೀಣಿಸುತ್ತದೆ. ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡವರ ತೊಡೆ ಕೆಲವೇ ವಾರಗಳಲ್ಲಿ ಸಣ್ಣಗಾಗುತ್ತದೆ. ವಯಸ್ಸಾದಂತೆಯೂ ಸ್ನಾಯು ಕರಗುತ್ತ ಬರುತ್ತದೆ. ಮನೆಯಲ್ಲಿ ಅಜ್ಜಿ ನೆಲದಿಂದೇಳುವಾಗ ಮಂಡಿಗೆ ಕೈಯೂರುವುದನ್ನು ಗಮನಿಸಿ; ಅಲ್ಲಿಯೂ ತೊಡೆಗೆ ಕೈ ನೆರವಾಗುತ್ತಿದೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವಂತಹ ಸರಳ ಅಭ್ಯಾಸದಿಂದ ಮುಪ್ಪಿನಲ್ಲಿಯೂ ಈ ಬಲವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು, ಬೀಳುವ ಭಯವನ್ನು ಕಡಿಮೆ ಮಾಡಿಕೊಳ್ಳಬಹುದು. ಎಳೆಯ ವಯಸ್ಸಿನಲ್ಲಿ ಓಡಿ, ಆಡಿ, ಬಸ್ಕಿ ಹೊಡೆದು ಗಳಿಸಿದ ಬಲ ಮುಂದಿನ ಬಾಳಿಗೆ ಕೂಡಿಟ್ಟ ಬುತ್ತಿ. ಯಾರ ಹಂಗೂ ಇಲ್ಲದೆ ಎದ್ದು ನಿಲ್ಲುವ ಸ್ವಾತಂತ್ರ್ಯ ಅದರಲ್ಲಿ ಅಡಗಿದೆ.